ಖಾಲಿ ಉಳಿದ ಬಲಪುಟ

ಗಾದೆ ಕೂಡಿಸುವ ಕೆಲಸಕ್ಕೆ ಕೈ ಹಾಕಿದ್ದೇ ತಪ್ಪಾಯಿತು ಎಂದು ಸಾಜಿದಾಗೆ ಆ ವಾರವೆಲ್ಲ ತಲೆ ಕೆಟ್ಟುಹೋಗಿತ್ತು. ಪುಸ್ತಕ ಹೆಚ್ಚುಕಡಿಮೆ ಮುಗಿದಿತ್ತು. ಎಡಗಡೆ ಕನ್ನಡದ ಗಾದೆ, ಬಲಗಡೆ ಅದೇ ಅರ್ಥದ ದಖನಿ ಉರ್ದು ಗಾದೆ. ಅಕ್ಕಪಕ್ಕದ ಮನೆಯವರು ಒಂದೇ ಸಂಕಟಕ್ಕೆ, ಒಂದೇ ನಗೆಗೆ ಎಂಥೆಂಥ ಮಾತು ಕಟ್ಟಿಕೊಂಡಿದ್ದಾರೆ ಎಂದು ಜನಕ್ಕೆ ತಿಳಿಯಲಿ ಎಂಬುದು ಅವಳ ಹಟ. ಹೊನ್ನಾಳಿಯ ಪ್ರೆಸ್ಸಿನ ಹಾಲಸ್ವಾಮಿ ದಿನಾ ಫೋನು ಮಾಡಿ ಪ್ರಾಣ ತಿನ್ನುತ್ತಿದ್ದ. ಒಂದೇ ಒಂದು ಬಲಪುಟ ಖಾಲಿ ಇತ್ತು.

ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹೊಸ್ತಿಲಲ್ಲಿ ನಿಂತು ಹೇಳುವ ಮಾತು ಅಲ್ಲಿ ಬರಬೇಕಿತ್ತು. ಕನ್ನಡದ್ದನ್ನು ಪಕ್ಕದ ಮನೆಯ ಭೀಮಕ್ಕ ಅಕ್ಕಿ ಆರಿಸುತ್ತಲೇ ಹೇಳಿಕೊಟ್ಟಿದ್ದಳು. ದಖನಿಯದು ಸಾಜಿದಾಳ ಕಿವಿಗೆ ಬಿದ್ದೇ ಇರಲಿಲ್ಲ. ತಾಯಿಯಿಲ್ಲದ ಅವಳನ್ನು ಜಗಳೂರಿನಿಂದ ನ್ಯಾಮತಿಗೆ ಕಳಿಸಿಕೊಟ್ಟದ್ದು ಚಿಕ್ಕಪ್ಪ. ಆತ ಹುಷಾರು ಎಂದಷ್ಟೇ ಹೇಳಿ ಜೀಪಿನ ಬಾಗಿಲು ಹಾಕಿದ್ದ. ಆ ಮಾತು ಪುಸ್ತಕಕ್ಕೆ ಬೇಕಿತ್ತು ನಿಜ, ಅದಕ್ಕಿಂತ ಹೆಚ್ಚಾಗಿ ಅವಳಿಗೇ ಬೇಕಿತ್ತು.

ಗೊತ್ತಿದ್ದದ್ದು ಅತ್ತೆ ಖಮರುನ್ನೀಸಾಗೆ. ಬೇರೆ ಗಾದೆಗಳನ್ನೆಲ್ಲ ಬೇಡವೆಂದರೂ ಸುರಿದ ಅತ್ತೆ, ಇದೊಂದಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಸುಮ್ಮಸುಮ್ಮನೆ ಆಡಿದರೆ ಮನೆಯಿಂದ ಯಾರಾದರೂ ಹೊರಟುಹೋಗುತ್ತಾರಂತೆ. ಕಾಲು ಒತ್ತಿದರೂ ಇಲ್ಲ, ಶ್ಯಾವಿಗೆ ಪಾಯಸ ಮಾಡಿ ಬಡಿಸಿದರೂ ಇಲ್ಲ. ಗಂಡ ಅಫ್ತಾಬ್‌ನನ್ನು ಕೇಳಿದರೆ, ತಂಗಿ ಹೊರಟಾಗ ತಾನು ಗಾಡಿಗೆ ಬೀರು ಏರಿಸುತ್ತಿದ್ದೆ ಎಂದ. ಚನ್ನಗಿರಿಯಲ್ಲಿದ್ದ ಆ ತಂಗಿ ನಗ್ಮಾ, ಆವತ್ತಿನ ಅಳುವಿನಲ್ಲಿ ಏನೂ ಕೇಳಿಸಲಿಲ್ಲ ಭಾಬಿ ಎಂದು ಫೋನಿನಲ್ಲಿ ಕಿಸಕ್ಕೆಂದು ನಕ್ಕಳು. ಸಾಜಿದಾಗೆ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಅವಳು ಒಂದು ಆಟ ಹೂಡಿದಳು. ದೊಡ್ಡ ಬ್ಯಾಗಿಗೆ ಎರಡು ದಿಂಬು ತುರುಕಿ, ಬುರ್ಖಾ ಹಾಕಿಕೊಂಡು, ರೆಕಾರ್ಡಿಂಗ್ ಹಚ್ಚಿದ ಫೋನನ್ನು ಅಂಗೈಯಲ್ಲಿ ಮುಚ್ಚಿಟ್ಟು, ನನಗೆ ಈ ಮನೆ ಸಾಕಾಗಿದೆ, ಜಗಳೂರಿಗೆ ಹೋಗುತ್ತೇನೆ ಎಂದು ಹೊಸ್ತಿಲಲ್ಲಿ ನಿಂತಳು. ಈಗಲಾದರೂ ಹೇಳಲೇಬೇಕಲ್ಲ.

ಖಮರುನ್ನೀಸಾಳ ಮುಖ ಒಂದು ಕ್ಷಣ ಬಿಳಿಚಿತು. ಮಂಡಿ ನೋವಿನಲ್ಲೂ ದಡಬಡಿಸಿ ಎದ್ದುಬಂದು ಬ್ಯಾಗು ಕಿತ್ತುಕೊಂಡಳು. ಎತ್ತಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಮನೆಯಲ್ಲಿ ಯಾವಾಗಲೂ ದಖನಿ ಆಡುವವಳು, ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದ ಭೀಮಕ್ಕನಿಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದಳು:

“ಆ ಮಾತು ಹೋಗೋರಿಗೆ ಹೇಳಾದು. ನನ್ನ ಒಬ್ಬ ಮಗಳಿಗೆ ಹೇಳಿ ಕಳಿಸೀನಿ. ನಿನಗೆ ಹೆಂಗೆ ಹೇಳಲಿ? ನೀನು ಇರಾಕೆ ಬಂದ ಮಗಳು.”

ಬ್ಯಾಗು ಬಿಚ್ಚಿ ದಿಂಬು ತೆಗೆದು, ಒಂದನ್ನು ಸೊಸೆಯ ಕೈಗೆ ತುರುಕಿ ಒಳಗೆ ಹೋದಳು. ಸಾಜಿದಾ ದಿಂಬು ಹಿಡಿದುಕೊಂಡು ಪೆಚ್ಚಾಗಿ ನಿಂತಳು. ನಾಚಿಕೆಯಾಯಿತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅಷ್ಟು ತಿಂಗಳ ಓಡಾಟದ ಕೊನೆಗೆ ಒಂದು ಪುಟ ಹೀಗೆ ಕೈ ಕೊಟ್ಟಿತಲ್ಲ ಎಂದು ಹಲ್ಲು ಕಚ್ಚಿದಳು. ಕಣ್ಣು ಯಾಕೆ ತುಂಬಿತೋ ಎಂದು ಅವಳಿಗೇ ರೇಗಿತು.

ಅಷ್ಟರಲ್ಲಿ ಹಾಲಸ್ವಾಮಿಯ ಫೋನು ಬಂತು. ಆ ಪುಟ ಖಾಲಿಯೇ ಅಚ್ಚು ಹಾಕಿ ಎಂದಳು. ಓದೋರು ಕೇಳಿದರೆ ಏನು ಹೇಳೋದು ಮೇಡಂ ಎಂದು ಅವನು ಗೊಣಗಿದ.

“ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ ಅಂತ ಹೇಳ್ರಿ,” ಎಂದು ಫೋನು ಇಟ್ಟಳು.