ಒಂದೇ ಹಿಡಿ ಮದ್ದು

"ತಡೀರಿ, ತಡೀರಿ, ನಂದೂ ಒಂದು ಹಿಡಿ ಬೀಳ್ಲಿ!" ಎನ್ನುತ್ತ ಅಡಿಕೆ ಸಾಹುಕಾರ ಮುರುಗೇಶಪ್ಪ ಕೈತೋಪಿನ ಬಾಯಿಗೆ ಮದ್ದು ಸುರಿದರು. ಅವರ ಬೆನ್ನಿಗೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಚನ್ನಗಿರಿ ಕೋಟೆಯ ಕೆಳಗಿನ ಓಣಿಯ ಗಂಡಸರೆಲ್ಲ ಸಾಲುಗಟ್ಟಿದ್ದರು. ಜಗಲಿಯಲ್ಲಿ ಗಂಡ ರೇವಣ್ಣನ ಹೆಣದ ಪಕ್ಕ ಕೂತಿದ್ದ ಹುಲಿಗೆಮ್ಮ ಅಳುವುದನ್ನೇ ಮರೆತು ಆ ಕಡೆ ನೋಡಿದಳು.

ಓಣಿಯಲ್ಲಿ ಯಾರೇ ಸಾಯಲಿ, ಚಟ್ಟ ಎತ್ತುವಾಗ ಕೈತೋಪು ಒಮ್ಮೆ ಗುಡುಗಬೇಕು. ಪಾಳೇಗಾರರ ಕಾಲದ ಗಿಡ್ಡ ಕಬ್ಬಿಣದ ಕೊಳವೆ, ಹಿಂದೆ ಹಿಡಿದುಕೊಳ್ಳಲು ಮರದ ಕಾವು. ಸತ್ತವರ ಹಿರಿಮಗ ಹಾಕುವ ಒಂದು ಹಿಡಿ ಮದ್ದೇ ಅದರ ಅಳತೆ. ಬಡವನಿರಲಿ ಬಲ್ಲಿದನಿರಲಿ, ಅದೇ ಹಿಡಿ, ಅದೇ ಸದ್ದು. ಅಪ್ಪ ಹೋದ ಮೇಲೆ ಅದನ್ನು ಹಾರಿಸುತ್ತ ಬಂದವನು ರೇವಣ್ಣ. ಅವನಿಗೋ ಮಕ್ಕಳಿಲ್ಲ. "ಇಲ್ಲ ಅಂತ ಯಾವನಂದಾನು? ನಾವೆಲ್ಲ ಏನ್ ಸತ್ತೋಗೀವಾ?" ಎಂದು ಬೆಳಿಗ್ಗೆ ಮುರುಗೇಶಪ್ಪ ಅಂದದ್ದೇ ತಡ, ಎಲ್ಲರೂ ಎದ್ದು ನಿಂತಿದ್ದರು. ಪ್ರೀತಿ ಉಕ್ಕಿದಾಗ ಅಳತೆ ಯಾರಿಗೆ ನೆನಪಿರುತ್ತದೆ!

*

ಅದು ಹಿಂದೆ, ಎಪ್ಪತ್ತೇಳನೇ ಇಸವಿಯ ಬೇಸಿಗೆ. ಹಿತ್ತಲಲ್ಲಿ ಹುಲಿಗೆಮ್ಮ ಮದ್ದಿಗೆಂದು ಎಕ್ಕದ ಇದ್ದಿಲು ಅರೆಯುತ್ತಿದ್ದಳು. ಕೈತೋಪು ಒರೆಸುತ್ತಿದ್ದ ರೇವಣ್ಣ ಗಕ್ಕನೆ ನಿಂತ.

"ಇಲ್ಲಿ ಬಾರೇ. ಉಗುರಿಂದ ಸವರಿ ನೋಡು."

ಕೊಳವೆಯ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು.

"ಅಯ್ಯೋ ಶಿವನೇ! ಇದನ್ನ ಹಿಡ್ಕಂಡು ಹೊಡೀತೀರಾ? ಇವತ್ತಿಗೇ ಬಿಟ್ಟುಬಿಡ್ರಿ."

"ಬಿಡಾಕೆ ಆಗ್ತೈತಾ? ಎಲ್ರಿಗೂ ಹೊಡ್ದು, ಮುಂದೆ ಹೋಗೋರಿಗೆ ಮಾತ್ರ ಇಲ್ಲ ಅನ್ಲಾ? ಒಂದು ಹಿಡಿಗೆ ತಡೀತೈತೆ. ಜಾಸ್ತಿ ಬಿತ್ತೋ, ಹೊಡೆಯೋನ ಕೈಯೂ ಉಳಿಯಾಕಿಲ್ಲ, ತಲೇನೂ ಉಳಿಯಾಕಿಲ್ಲ. ಯಾರಿಗೂ ಹೇಳಬ್ಯಾಡ."

ಅವಳಿಗೆ ಸಿಟ್ಟು ಬಂದು ಅವತ್ತು ಮಾತಿಲ್ಲದೆ ರೊಟ್ಟಿ ಬಡಿಸಿದಳು. "ಬೈಯಾದ್ರೂ ಬೈಯೇ, ಹಿಂಗೆ ಸುಮ್ನಿದ್ರೆ ಗಂಟಲಾಗೆ ಇಳಿಯಲ್ಲ" ಅಂದ. ಬೈದಳು, ಮನಸಾರೆ ಬೈದಳು. ಅವನು ನಗುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಬಿರುಕಿನ ಮಾತು ಅವರಿಬ್ಬರಲ್ಲೇ ಉಳಿಯಿತು.

*

ಈಗ ಜಗಲಿಯ ಮುಂದೆ ರೇವಣ್ಣನ ತಮ್ಮ ಚಿಕ್ಕಹನುಮಂತಪ್ಪ ಮದ್ದಿನ ಮೇಲೆ ಬಟ್ಟೆ ತುರುಕಿ ಗಜದ ಕೋಲಿನಿಂದ ಜಡಿದಿದ್ದ. ಅತ್ತು ಅತ್ತು ಕೆಂಪಾದ ಕಣ್ಣು. ಕೈಯಲ್ಲಿ ಬತ್ತಿ ಹೊತ್ತಿತ್ತು.

"ಹನುಮಂತಾ, ಬತ್ತಿ ಆರ್ಸೋ!" ಹುಲಿಗೆಮ್ಮ ಜಗಲಿ ಇಳಿದು ಓಡಿದಳು.

"ಅತ್ತಿಗೆ, ಅಣ್ಣಂಗೆ ಓಣಿಗೆ ಓಣಿನೇ ಹಿಡಿ ಹಾಕೈತೆ. ಸದ್ದು ನಲ್ಲೂರಿಗೆ ಕೇಳಬೇಕು."

"ಕೇಳಾಕೆ ನೀನೇ ಇರಲ್ಲ ಕಣೋ!"

ಬತ್ತಿ ಕಸಿದು ನೀರಿನ ಕೊಡದಲ್ಲಿ ಅದ್ದಿದಳು. ಅವನ ಬೆರಳು ಹಿಡಿದು ಬಿರುಕಿನ ಮೇಲೆ ಎಳೆದಳು. "ಬಿರುಕು ಬಿಟ್ಟೈತೆ, ಒಂದು ಹಿಡಿಗಷ್ಟೇ ತಡೀತೈತೆ ಅಂತಿದ್ರು ನಿಮ್ಮಣ್ಣ." ಅವನು ಕೈ ಹಿಂದಕ್ಕೆಳೆದುಕೊಂಡ. ಗಂಡ ಮುಚ್ಚಿಟ್ಟಿದ್ದನ್ನು ಅವನ ಹೆಣದ ಮುಂದೆಯೇ ಬಿಚ್ಚಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಆದರೆ ಮೈದುನನನ್ನೂ ಕಳಕೊಳ್ಳಲು ಅವಳು ತಯಾರಿರಲಿಲ್ಲ.

"ಇಂಥಾದ್ದರಾಗೆ ನಮ್ಗೆಲ್ಲ ಹೊಡೆದ್ನೇನಮ್ಮ?" ಮುರುಗೇಶಪ್ಪನವರ ದನಿ ಒಡೆಯಿತು. "ನಮ್ಮವ್ವ ಹೋದಾಗ ಮಳೇಲಿ ಮದ್ದು ನೆನೀಬಾರ್ದು ಅಂತ ಮೈಯಡ್ಡ ಇಟ್ಕಂಡು ನಿಂತಿದ್ದ. ಯಾರ್ದು ಬೇಕಾದ್ರೂ ತೆಗಿ ತಾಯಿ, ನನ್ನ ಹಿಡಿ ತೆಗೀಬ್ಯಾಡ."

"ನಂದೂ ತೆಗೀಬ್ಯಾಡ" ಎಂದ ಇನ್ನೊಬ್ಬ. ಆಮೇಲೆ ಎಲ್ಲರದೂ ಅದೇ ಮಾತು.

"ಯಾರ್ದೂ ತೆಗೆಯಲ್ರಿ. ಅಜ್ಜಮ್ಮಾ, ಒಂದು ಮೊರ ತಾರೇ."

ನೆರೆಮನೆಯ ಅಜ್ಜಮ್ಮ ಮೊರ ತಂದಳು. ಚಿಕ್ಕಹನುಮಂತಪ್ಪ ಬಟ್ಟೆ ಕಿತ್ತು ಕೊಳವೆ ಬೋರಲು ಹಾಕಿದ. ರಾಶಿ ಮದ್ದು! ಹುಲಿಗೆಮ್ಮ ಎರಡೂ ಕೈ ಹಾಕಿ, ಯಾರದು ಎಲ್ಲಿದೆಯೆಂದು ತಿಳಿಯದ ಹಾಗೆ ಕಲಸಿದಳು.

"ಈಗ ಇದ್ರಾಗೆ ಎಲ್ರೂ ಅದೀರಿ. ಒಂದೇ ಹಿಡಿ. ನಾನು ಹಾಕ್ತೀನಿ."

"ಹೆಂಗಸ್ರು ಹಿಡಿ ಹಾಕೋದಾ?" ಹಿಂದಿನಿಂದ ಯಾರೋ ಗೊಣಗಿದರು.

"ಮದ್ದು ಅರೆಯಾಕೆ ಮಾತ್ರ ನಾವು ಆಗ್ತಿದ್ವಾ?" ಅಜ್ಜಮ್ಮ ತಿರುಗಿ ಝಾಡಿಸಿದಳು. ಹುಲಿಗೆಮ್ಮ ಒಂದು ಹಿಡಿ ಹಾಕಿದಳು, ಚಿಕ್ಕಹನುಮಂತಪ್ಪ ಜಡಿದು ಹೊಸ ಬತ್ತಿ ಮುಟ್ಟಿಸಿದ.

ಕೈತೋಪು ಗುಡುಗಿತು. ಓಣಿಯ ಎಲ್ಲರಿಗೂ ಆದಷ್ಟೇ ಸದ್ದು. ಹುಲಿಗೆಮ್ಮನಿಗೆ ಆಗ ಮತ್ತೆ ಅಳು ಬಂತು. ಈ ಸಲ ತಡೆಯಲಿಲ್ಲ, ಬಾಯಿಬಿಟ್ಟು ಅತ್ತಳು.

ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ನಾಲ್ಕು ಹೆಜ್ಜೆಗೊಬ್ಬರು ಹೆಗಲು ಬದಲಿಸಿದರು. ಹೊದಿಸಿದ್ದ ಹೊಸ ಬಿಳಿ ಬಟ್ಟೆ ಗಾಳಿಗೆ ಜಾರಿದಾಗಲೆಲ್ಲ ಯಾರೋ ಒಬ್ಬರು ಸರಿಪಡಿಸುತ್ತಿದ್ದರು. ಓಣಿ ದಾಟುವಷ್ಟರಲ್ಲಿ ಆ ಬಟ್ಟೆಯ ತುಂಬ ಮದ್ದು ಮೆತ್ತಿದ ಕಪ್ಪು ಬೆರಳಚ್ಚುಗಳು, ಒಂದರ ಮೇಲೊಂದು.