ಹನ್ನೆರಡು ಗಂಡಸರು, ಒಂದು ಬಕೆಟ್ ಬೂದಿ

“ನಿಮ್ಮ ಹನ್ನೆರಡು ಜನರಲ್ಲಿ ಒಬ್ಬರಾದ್ರೂ ಹುಟ್ಟಿದಾಗಿನಿಂದ ಒಲೆ ಬೂದಿ ತೋಡಿದ್ದೀರೇನಣ್ಣ?” ಡೆಲಿಯಾ ಒಳಗೆ ಬಂದವಳೇ ಬಕೆಟ್ಟನ್ನು ಧೊಪ್ಪೆಂದು ನೆಲಕ್ಕಿಟ್ಟಳು.

ಫೆಸ್ಟಸ್ ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ. “ಬೆಳಿಗ್ಗೆ ಬೆಳಿಗ್ಗೆ ಶುರು ಹಚ್ಕೋಬೇಡ. ಡಬ್ಲಿನ್ನಿನ ದೊಡ್ಡ ಕೋರ್ಟೇ ಆ ಊನಾಳ ಅಪೀಲು ತಳ್ಳಿಹಾಕಿದೆ. ಮೂರು ಜನ ಜಡ್ಜಿಗಳು! ಅವರಿಗಿಂತ ನೀನು ಹೆಚ್ಚು ಬಲ್ಲೆಯಾ?”

“ಬೂದಿ ವಿಷಯದಲ್ಲಿ, ಹೌದು.”

ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಅತ್ತಿಗೆ ಬ್ರಿಜಿ ಕಿಸಕ್ಕೆಂದಳು. ಗಂಡ ದುರುಗುಟ್ಟಿದ ಮೇಲೆ ಬಾಯಿ ಮುಚ್ಚಿಕೊಂಡಳು.

ಊನಾ ಹತ್ತೊಂಬತ್ತರ ಹುಡುಗಿ, ಪಕ್ಕದೂರಿನ ಜಮೀನ್ದಾರನ ಮನೆಯಲ್ಲಿ ಕೆಲಸಕ್ಕಿದ್ದವಳು. ಹಿಂದಿನ ಮಧ್ಯಾಹ್ನ ತೋಡಿಟ್ಟ ಬೂದಿಯನ್ನು ಒಂದು ಬೆಳಿಗ್ಗೆ ಹಿತ್ತಲಿಗೆ ಸುರಿದಳು. ಗಾಳಿ ಬೀಸಿತು. ಹುಲ್ಲಿನ ಕೊಟ್ಟಿಗೆ ಹೊತ್ತಿ ಎರಡು ಕರು ಸತ್ತವು. ಹಿಂದಿನ ದಿನವಷ್ಟೇ ಯಜಮಾನ ಅವಳನ್ನು ಬೈದಿದ್ದ. ಸರ್ಕಾರಿ ವಕೀಲನಿಗೆ ಅಷ್ಟು ಸಾಕಾಯಿತು: ಅಷ್ಟು ಹೊತ್ತಿನ ಬೂದಿ ತಣ್ಣಗಾಗಿರಲೇಬೇಕು, ಸೇಡಿಗೆ ಇವಳೇ ಬೆಂಕಿಯಿಟ್ಟಳು. ಜ್ಯೂರಿಯ ಹನ್ನೆರಡು ಗಂಡಸರು ತಲೆಯಾಡಿಸಿದರು. ಅವರ ಮುಖಂಡ ಫೆಸ್ಟಸ್. ಶಿಕ್ಷೆ ಮೂರು ವರ್ಷ.

ಡಬ್ಲಿನ್ನಿನ ನ್ಯಾಯಾಧೀಶರು ಬೂದಿಯ ಮಾತೇ ಎತ್ತಲಿಲ್ಲ. ಸಾಕ್ಷ್ಯ ತೂಗುವುದು ಜ್ಯೂರಿಯ ಕೆಲಸ, ಕೆಳಗಿನ ನ್ಯಾಯಾಧೀಶರು ಕಾನೂನನ್ನು ತಪ್ಪಾಗಿ ಹೇಳಿಲ್ಲ, ಮೇಲ್ಮನವಿ ವಜಾ.

ಡೆಲಿಯಾ ಒಲೆಯ ಮುಂದೆ ಕೂತಳು. ಅವಳು ಹುಟ್ಟಿದ ಮನೆಯ ಒಲೆ. ತಾತನ ಕಾಲದಿಂದ ಒಂದು ದಿನವೂ ಆರಿರಲಿಲ್ಲ. ಮಲಗುವ ಮುಂಚೆ ಅವ್ವ ಉರುವಲಿಗೆಂದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳ ಕೆಂಡವನ್ನು ಒತ್ತಟ್ಟಿಗೆ ಸರಿಸಿ, ಮಗು ಹೊದಿಸಿದ ಹಾಗೆ ಬೂದಿ ಹೊದಿಸಿ, ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಿದ್ದಳು. ಬೆಳಿಗ್ಗೆ ಇಕ್ಕಳದಿಂದ ಕೆದಕಿದರೆ ಕೆಂಪಗೆ ಕಣ್ಣು ಬಿಡುತ್ತಿತ್ತು. ಆ ಹೊಗೆಯ ವಾಸನೆ ಅವ್ವನ ಶಾಲಿನದೋ ಒಲೆಯದೋ ಎಂದು ಡೆಲಿಯಾಗೆ ಇಂದಿಗೂ ಬೇರೆ ಮಾಡಲಾಗದು.

“ನನ್ನ ಮದುವೆ ದಿನ ಹೊಸ ಮನೆಯ ಒಲೆ ಹಚ್ಚೋಕೆ ತವರಿನ ಕೆಂಡ ಹೊತ್ತು ಹೊರಟವನು ಯಾರಣ್ಣ?”

“ನಾನೇ. ಈಗ್ಯಾಕೆ ಅದು?”

“ದಾರೀಲಿ ಗೆಳೆಯರ ಜೊತೆ ಕುಡೀತಾ ಕೂತು ಮಾರನೇ ದಿನ ಮಧ್ಯಾಹ್ನ ಬಂದೆ. ಅವ್ವ ನನ್ನ ಹೊಸ ಮನೆ ಬಾಗಿಲಲ್ಲೇ ಪೊರಕೆ ಹಿಡ್ಕೊಂಡು ನಿಂತಿದ್ಲು. ಬೂದಿ ಸರಿಸಿ ನೋಡಿದ್ರೆ ಕೆಂಡ ಆರೇ ಇರಲಿಲ್ಲ. ‘ಕುಡುಕನಿಗಿಂತ ಬೂದಿಗೆ ನಿಯತ್ತು ಜಾಸ್ತಿ’ ಅಂತ ನಕ್ಕಳು. ಮರೆತೆಯಾ?”

ಅವಳು ಬಕೆಟ್ಟನ್ನು ಒಲೆಗಲ್ಲಿನ ಮೇಲೆ ಬೋರಲು ಹಾಕಿದಳು. ಬೂದಿಯ ನಡುವೆ ಮೂರು ಕೆಂಡಗಳು ಉರುಳಿ ಕೆಂಪಾದವು. “ನಿನ್ನೆ ಮಧ್ಯಾಹ್ನ ತೋಡಿದ್ದು.”

ಫೆಸ್ಟಸ್ ಬಗ್ಗಿ ಕೆಂಡಗಳ ಮೇಲೆ ಅಂಗೈ ಹಿಡಿದು ನೋಡಿದ. “ಅವಳ ವಕೀಲ ಇದನ್ನ ಹೇಳಲಿಲ್ಲ.”

“ಅವನೂ ಗಂಡಸೇ ಅಲ್ವಾ?”

“ಆದದ್ದು ಆಯ್ತು, ಬಿಡು.”

“ಶಿಕ್ಷೆ ಆಗೋಕೆ ಹನ್ನೆರಡೂ ಜನ ಒಂದೇ ಮಾತಾಡಬೇಕಿತ್ತು. ಅಲ್ಲಿ ಒಬ್ಬಳೇ ಒಬ್ಬಳು ಹೆಂಗಸಿದ್ದಿದ್ರೆ ಆ ತೀರ್ಪು ಬರ್ತಿತ್ತಾ?” ಡೆಲಿಯಾ ಮಡಿಲಿನಿಂದ ಕಾಗದ ತೆಗೆದಳು. “ಜ್ಯೂರಿ ಪಟ್ಟಿಗೆ ನನ್ನ ಹೆಸರು ಸೇರಿಸಿ ಅಂತ ಅರ್ಜಿ.”

ಕಾನೂನು ಹೆಂಗಸರಿಗೆ ಬಾಗಿಲು ಹಾಕಿರಲಿಲ್ಲ. ಮನೆ ತನ್ನ ಹೆಸರಿಗಿದ್ದವಳು ತಾನಾಗಿ ಕೇಳಿದರೆ ಸೇರಿಸಬೇಕು. ಡೆಲಿಯಾ ವಿಧವೆ, ಗುಡ್ಡದ ಮೇಲಿನ ಮನೆ ಅವಳದೇ. ಆದರೆ ಮಾನವಂತೆಯಾದವಳು ಕೇಳುವುದಿಲ್ಲ ಎಂದು ಊರು ಕಟ್ಟಳೆ ಮಾಡಿತ್ತು. ಕಳ್ಳರ, ಕೊಲೆಗಡುಕರ ಮಾತು ಹೆಂಗಸಿನ ಕಿವಿಗೆ ಬೀಳಬಾರದಂತೆ. ಕಟಕಟೆಯಲ್ಲಿ ಹೆಂಗಸನ್ನು ನಿಲ್ಲಿಸಬಹುದು, ಅವಳನ್ನು ತೂಗಲು ಮಾತ್ರ ಹೆಂಗಸು ಕೂರಬಾರದು. ಇಂಥ ಮರ್ಯಾದೆಗೆ ಬೆಂಕಿ ಹಾಕ!

“ನಾಳೆ ಸಂತೇಲಿ ನನ್ನ ಮುಖಕ್ಕೆ ಉಗೀತಾರೆ,” ಎಂದು ಫೆಸ್ಟಸ್ ಎದ್ದ. “ಮುಖಂಡನ ತಂಗಿಯೇ ತೀರ್ಪು ತಪ್ಪು ಅಂದ್ಲು ಅಂತ. ಅವ್ವ ಬದುಕಿದ್ದಿದ್ರೆ ತಲೆ ತಗ್ಗಿಸ್ತಿದ್ಲು.”

“ಅವ್ವ ಆ ಹನ್ನೆರಡರಲ್ಲಿ ಕೂತಿದ್ದಿದ್ರೆ ಊನಾ ಇವತ್ತು ಅವಳ ತಾಯಿ ಹತ್ರ ಇರ್ತಿದ್ಲು.”

“ಆ ಕಾಗದ ಕೊಟ್ಟೆಯೋ, ಈ ಹೊಸ್ತಿಲು ತುಳೀಬೇಡ!”

ಹಿಟ್ಟು ನಾದುತ್ತಿದ್ದ ಕೈ ನಿಂತಿತು. ಡೆಲಿಯಾ ಒಲೆಯನ್ನು, ಗೋಡೆಯ ಮಸಿಯನ್ನು, ತಾನು ಚಿಕ್ಕವಳಿದ್ದಾಗಿನಿಂದ ಕೂರುತ್ತಿದ್ದ ಮಣೆಯನ್ನು ನೋಡಿದಳು. ಆಮೇಲೆ ಅವ್ವನ ಇಕ್ಕಳ ತೆಗೆದುಕೊಂಡು ಕೆಂಡಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕಿ, ಬೂದಿ ಮುಚ್ಚಿ, ಇಕ್ಕಳವನ್ನು ಅದರ ಮೊಳೆಗೇ ತೂಗುಹಾಕಿದಳು.

“ಹೋಗ್ತೀನಿ ಅತ್ತಿಗೆ,” ಎಂದಳು. ಬರುತ್ತೇನೆ ಎನ್ನಲಿಲ್ಲ.

ಮರುವರ್ಷದ ಪಟ್ಟಿಯಲ್ಲಿ ನೂರಾರು ಗಂಡಸರ ನಡುವೆ ಒಂದು ಹೆಂಗಸಿನ ಹೆಸರಿತ್ತು. ಬ್ರಿಜಿ ಮಾತ್ರ ಪ್ರತಿ ಸಂಜೆ ಆ ಮಣೆಯನ್ನು ಒರೆಸಿ ಒಲೆಯ ಹತ್ತಿರ ಎಳೆದಿಡುತ್ತಿದ್ದಳು. ಫೆಸ್ಟಸ್ ಒಮ್ಮೆಯೂ ಬೇಡವೆನ್ನಲಿಲ್ಲ. ಡೆಲಿಯಾ ಬರಲಿಲ್ಲ.