ವಾಪಸು ಹೋದ ಬೋರ್ ಲಾರಿ

ಡಿಸೆಂಬರಿನ ಕೊನೆಯ ಭಾನುವಾರ ಬೆಳಿಗ್ಗೆ ಶಿವಶಂಕರ ಭೀಮನಬೀಡಿನ ತನ್ನ ತೋಟದಲ್ಲಿ, ಗೊನೆಯ ಭಾರಕ್ಕೆ ವಾಲಿದ ಬಾಳೆಗಿಡಗಳಿಗೆ ಊರುಗೋಲು ಕೊಡುತ್ತಿದ್ದ. ಹೆಂಡತಿ ಸುಧಾಮಣಿ ಬದುವಿನ ಮೇಲಿಂದ ಕೂಗಿದಳು.

"ಸಭೆಗೆ ಹೊತ್ತಾಯ್ತು. ಅಧ್ಯಕ್ಷರೇ ಲೇಟಾದ್ರೆ ಚೆಂದಾನಾ?"

"ಓಗಿ ಏನಂತ ಮಾತಾಡ್ಲಿ? ಅರ್ಧ ತೋಟ ಒಣಗೋಯ್ತು ಅಂತ್ಲಾ?"

"ಅರ್ಧ ಉಳೀತು ಅನ್ನಿ. ಅದೂ ನಿಜನೇ ತಾನೇ?"

ಶಿವಶಂಕರ ಗುಂಡ್ಲುಪೇಟೆಯ ಬಾಳೆ ಬೆಳೆಗಾರರ ಸಂಘದ ಅಧ್ಯಕ್ಷ. ವರ್ಷದ ಕೊನೆಯ ಸಭೆಯಲ್ಲಿ ಅಧ್ಯಕ್ಷನಾದವನು ನಾಲ್ಕು ಮಾತಾಡುವುದು ವಾಡಿಕೆ. ಮಾತಿಗೆ ಅವನು ಹೆದರುವವನಲ್ಲ. ಅವನಿಗೆ ಅಳುಕಿದ್ದದ್ದು ಸಭೆಯಲ್ಲಿ ಎದುರಿಗೆ ಕೂರುವ ಗುರುಮಲ್ಲಯ್ಯನ ಬಗ್ಗೆ. ಬೇಸಿಗೆಯಿಂದೀಚೆಗೆ ಇಬ್ಬರ ನಡುವೆ ಮಾತಿರಲಿಲ್ಲ.

ಆ ಬೇಸಿಗೆ ಅಂಥದ್ದು. ಯುಗಾದಿ ಕಳೆದರೂ ಹನಿ ಮಳೆಯಿಲ್ಲ. ಕೊಳವೆಬಾವಿಗಳು ಒಂದೊಂದಾಗಿ ಬತ್ತುತ್ತಿದ್ದವು. ಕೇರಳಕ್ಕೆ ಹೋಗಬೇಕಾದ ನೇಂದ್ರಬಾಳೆ ಗೊನೆ ಹಾಕುವ ಹೊತ್ತು. ಸಂಘದ ಕೆಲವರು ಸೇರಿ ತಮಿಳುನಾಡಿನಿಂದ ಬೋರ್ ಲಾರಿ ಕರೆಸಿದರು. ಮೊದಲ ಬೋರು ಅಧ್ಯಕ್ಷರ ತೋಟದಲ್ಲೇ ಆಗಲಿ ಎಂದು ಪ್ರೀತಿಯಿಂದ ಹೇಳಿದವನು ಗುರುಮಲ್ಲಯ್ಯನೇ. ನೀರು ನೋಡುವವನು ಗುರುತು ಮಾಡಿದ ಜಾಗ ಬೇಲಿಯಂಚಿನಲ್ಲಿತ್ತು. ಬೇಲಿಯಾಚೆ ಕೂಲಿಕಾರರ ಕೇರಿ. ಆ ಕೇರಿಗೆಲ್ಲ ಕುಡಿಯುವ ನೀರು ಕೊಡುತ್ತಿದ್ದ ಒಂದೇ ಬೋರು ಅಲ್ಲಿಗೆ ಕೂಗಳತೆಯಷ್ಟೂ ದೂರವಿರಲಿಲ್ಲ.

ಲಾರಿ ಬಂದು ನಿಲ್ಲುತ್ತಲೇ ಕೇರಿಯ ಗುರುಸಿದ್ದಮ್ಮ ನಾಲ್ಕೈದು ಹೆಂಗಸರ ಜೊತೆ ಬಂದಳು. ಅವಳು ಆ ತೋಟದಲ್ಲೇ ಕೂಲಿ ಮಾಡುವವಳು.

"ಸಿವಶಂಕ್ರಣ್ಣ, ಇಲ್ಲಿ ಕೊರೀಬ್ಯಾಡಿ ಕಣಣ್ಣ. ನಮ್ ಬೋರು ಈಗ್ಲೇ ತೊಟ್ಟಿಕ್ತಾದೆ."

"ಬಾಳೆ ಒಣಗಿದ್ರೆ ನಿಮ್ಗೂ ಕೂಲಿ ಇರಕ್ಕಿಲ್ಲ. ಅದ್ನೂ ಯೋಚ್ನೆ ಮಾಡಿ."

"ಮಾಡಿವ್ನಿ ಬುಡಣ್ಣ. ಕೂಲಿ ಇಲ್ದಿದ್ರೆ ಇನ್ನೊಂದೂರ್ಗೆ ಓಗಿ ದುಡೀತೀವಿ. ಸಂಜೇಲಿ ತಿರುಗ್ ಬಂದಾಗ ಕುಡಿಯಕ್ಕೆ ನೀರಿಲ್ದಿದ್ರೆ ಏನ್ ಮಾಡನ?"

ಗುರುಮಲ್ಲಯ್ಯ ನಡುವೆ ಬಂದ. "ನಿಮ್ಗೆ ಟ್ಯಾಂಕರ್ ಆದ್ರೂ ಬತ್ತದೆ ಕಣಮ್ಮ. ನಮ್ ಬಾಳೆಗೆ ಯಾವ ಟ್ಯಾಂಕರ್ ಬಂದದು? ನಿಮ್ಮೇಲೆ ನಂಗೇನ್ ಹಗೆ ಇಲ್ಲ. ಮಕ್ಕಳ ಸಾಕ್ದಂಗೆ ಸಾಕಿವ್ನಿ ಗಿಡವ, ಹೆಂಗೆ ಸಾಯಕ್ಕೆ ಬುಡ್ಲಿ?"

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಶಿವಶಂಕರ ಬಾಡಿ ಜೋತ ಎಲೆಗಳನ್ನು ನೋಡಿದ. ಹೆಂಗಸರನ್ನು ನೋಡಿದ. ದಿನ ಬೆಳಗಾದರೆ ಇದೇ ಮುಖಗಳು ತೋಟಕ್ಕೆ ಬರುತ್ತವೆ ಅನ್ನಿಸಿತು.

"ಇಲ್ಲಿ ಬ್ಯಾಡ. ಲಾರಿ ಕಳ್ಸಿ," ಎಂದ.

"ಅಧ್ಯಕ್ಷರೇ ಹಿಂಗ್ ಮಾಡ್ಬುಟ್ರೆ ನಾಳೆ ನಾವೆಲ್ಲೇ ಕೊರ್ಸಕ್ ಓದ್ರೂ ಎಲ್ರೂ ತಡೀತಾರಲ್ಲಣ್ಣ!" ಗುರುಮಲ್ಲಯ್ಯ ಮುನಿಸಿಕೊಂಡು ಹೇಳಿದ. ಅವನು ಲಾರಿಯನ್ನು ಸೀದಾ ತನ್ನ ಹೊಲಕ್ಕೆ ಕರೆದೊಯ್ದ. ಅಲ್ಲಿ ಬೇಕಾದಷ್ಟು ನೀರು ಬಂತು. ಊರೆಲ್ಲ ಶಿವಶಂಕರನನ್ನು ಪೆದ್ದ ಎಂದಿತು. ಆದರೆ ತಿಂಗಳೊಪ್ಪತ್ತಿನಲ್ಲಿ ಪಕ್ಕದ ಹೊಲದ ಬೋರು ನಿಂತುಹೋಯಿತು. ಆ ಹೊಲ ಗುರುಮಲ್ಲಯ್ಯನ ಒಡಹುಟ್ಟಿದ ಅಣ್ಣ ಮರಿಮಲ್ಲಪ್ಪನದು. ಅಣ್ಣ ಜಗಳಕ್ಕೆ ಬರಲಿಲ್ಲ, ಮಾತು ಬಿಟ್ಟ.

ಇತ್ತ ಶಿವಶಂಕರ ಇದ್ದ ನೀರನ್ನು ಅರ್ಧ ತೋಟಕ್ಕೆ ಮಾತ್ರ ಬಿಟ್ಟು, ತೇವ ಆರದಂತೆ ಬುಡಗಳಿಗೆ ಒಣ ಬಾಳೆಲೆ ಹೊದಿಸಿದ. ಉಳಿದರ್ಧ ಕಣ್ಣೆದುರೇ ಮಲಗಿತು. ಎಷ್ಟೋ ದಿನ ಅವನು ಆ ಕಡೆ ಕಾಲಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಒಂದಿಷ್ಟು ಮಳೆಯಾಯಿತು. ಅಲ್ಲಿಯವರೆಗೂ ಕೇರಿಯ ಬೋರು, ಸಣ್ಣಗಾದರೂ, ನಿಲ್ಲದೆ ಸುರಿಯಿತು.

ಸಭೆಯಲ್ಲಿ ಶಿವಶಂಕರ ಹೆಚ್ಚು ಮಾತಾಡಲಿಲ್ಲ.

"ಈ ವರ್ಷ ನಾವು ಗೆದ್ವಿ ಅಂತ ನಾನು ಹೇಳಲ್ಲ. ನನ್ ತೋಟನೇ ಅರ್ಧ ಓಯ್ತು. ಆದ್ರೂ ವರ್ಷ ದಾಟುದ್ವಲ್ಲ ಅಂತ ಇವತ್ತು ಮನಸ್ಗೆ ಹಗುರ ಆಗದೆ. ಮಳೆ ಇನ್ನೂ ನಂಬಂಗಿಲ್ಲ. ಇನ್ಮ್ಯಾಲೆ ಕುಡಿಯೋ ನೀರಿನ ಬೋರ್ ಪಕ್ಕ ಯಾರೂ ಕೊರ್ಸದು ಬ್ಯಾಡ. ಬೇರೆ ಕಡೆ ಆದ್ರೂ ಅಕ್ಕಪಕ್ಕದವ್ರ ಕೇಳ್ಕಂಡು ಕೊರ್ಸನ. ಒಪ್ಗೆ ಇರೋರು ಕೈಯೆತ್ತಿ."

ಯಾರೂ ಕೈಯೆತ್ತಲಿಲ್ಲ. ಎಲ್ಲರ ಕಣ್ಣೂ ಗುರುಮಲ್ಲಯ್ಯನ ಮೇಲಿತ್ತು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ತಲೆ ತಗ್ಗಿಸಿಕೊಂಡೇ ಕೈಯೆತ್ತಿದ. ಹಿಂದಿನ ಸಾಲುಗಳಲ್ಲಿ ಕೈಗಳು ಮೇಲೆದ್ದವು.

ಸಭೆ ಮುಗಿದ ಮೇಲೆ ಗುರುಮಲ್ಲಯ್ಯ ಶಿವಶಂಕರನ ಬೈಕಿನ ಹತ್ತಿರ ಕಾಯುತ್ತಿದ್ದ.

"ನನ್ ಬೋರಿಂದ ಅಣ್ಣನ ಹೊಲದ್ ತಂಕ ಪೈಪ್ ಎಳ್ದಿವ್ನಿ. ಅವನ ಲೈನ್‌ಗೆ ಸೇರ್ಸದೊಂದು ಉಳ್ದದೆ. ಒಬ್ನೇ ಓದ್ರೆ ಅವ ಮಕ ಕೊಡಕ್ಕಿಲ್ಲ. ಜೊತೇಲಿ ಬತ್ತೀಯಾಣ್ಣ?"

"ನಡಿ, ಓಗನ."

ಮರಿಮಲ್ಲಪ್ಪ ಹೊಲದಲ್ಲಿ ಹುರುಳಿ ಕೀಳುತ್ತಿದ್ದ. ಇಬ್ಬರೂ ಬಂದದ್ದು ಗೊತ್ತಾದರೂ ತಲೆಯೆತ್ತಲಿಲ್ಲ. ಗುರುಮಲ್ಲಯ್ಯ ಮಂಡಿಯೂರಿ ಎರಡು ಪೈಪುಗಳನ್ನು ಸೇರಿಸಲು ಹೆಣಗಾಡಿದ. ಒಂದು ಕೂತರೆ ಇನ್ನೊಂದು ಜಾರುತ್ತಿತ್ತು. ಶಿವಶಂಕರ ನೆರವಿಗೆ ಬಗ್ಗುವಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು.

"ಏನ್ಲಾ ಹಂಗ್ ಹಿಡ್ಕಂಡಿದ್ದೀಯೆ? ತಿರುಗ್ಸಿ ಒತ್ತು."

ಮರಿಮಲ್ಲಪ್ಪ ಬಂದು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡ. ತಮ್ಮ ತಿರುಗಿಸಿ ಒತ್ತಿದ. ಶಿವಶಂಕರ ಹೋಗಿ ಗುರುಮಲ್ಲಯ್ಯನ ಬೋರಿನ ಮೋಟಾರ್ ಹಾಕಿ ಬಂದಾಗ ನೀರು ಒಣಗಿದ ಕಾಲುವೆಯೊಳಗೆ ಹರಿಯುತ್ತಿತ್ತು, ಅಣ್ಣತಮ್ಮ ಅದರ ಎರಡು ಬದಿಗೆ ಕುಳಿತಿದ್ದರು.

"ಮನೇಲಿ ನಿಮ್ಮತ್ಗೆ ಅಡ್ಗೆ ಮಾಡವ್ಳೆ," ಮರಿಮಲ್ಲಪ್ಪ ನೀರನ್ನೇ ನೋಡುತ್ತಾ ಹೇಳಿದ. "ಇಬ್ರೂ ಉಂಡ್ಕಂಡೇ ಓಗ್ಬೇಕು."